ಕೀಬೋರ್ಡ್‌ನಲ್ಲಿ ಮಾಡಿದ ಮಿಡಿ ಟ್ರ್ಯಾಕ್‌ಗಳನ್ನು ಹಮ್ಮಿಂಗ್ ಇಲ್ಲದೆ ಆಡಿಯೋ ಮಾಡೋದು ಹೇಗೆ? ಬಜೆಟ್ ಐದು ಸಾವಿರ

ಸರಿಗಮ_ಹಾಸನ

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಹತ್ತಿರ ಒಂದು ಶಾಲೆಯಲ್ಲಿ ಸಂಗೀತ ಹೇಳಿಕೊಡುತ್ತೇನೆ. ಮಕ್ಕಳು ಹಾಡುವಾಗ ಹಿಂದೆ ಹಾಕೋಕೆ ಟ್ರ್ಯಾಕ್ ಬೇಕಾಗುತ್ತೆ. ನಾಡಗೀತೆ, ಬೆಳಗಿನ ಪ್ರಾರ್ಥನೆ, ಒಂದಷ್ಟು ಭಾವಗೀತೆ, ದಾಸರ ಪದಗಳು, ಎಲ್ಲವನ್ನೂ ಮನೆಯ ಕೀಬೋರ್ಡ್‌ನಲ್ಲಿ ನುಡಿಸಿ ಮಿಡಿ ಫೈಲ್ ಮಾಡಿ ಲ್ಯಾಪ್‌ಟಾಪ್‌ನಲ್ಲಿ ಇಟ್ಟುಕೊಂಡಿದ್ದೇನೆ. ಕೀಬೋರ್ಡ್‌ಗೆ ಹಾಕಿ ಕೇಳಿದರೆ ಚೆನ್ನಾಗಿದೆ. ಅದನ್ನು ಪೆನ್‌ಡ್ರೈವ್‌ನಲ್ಲಿ ಹಾಕಿ ಶಾಲೆಯ ಮೈಕ್ ಸೆಟ್‌ನಲ್ಲಿ ನುಡಿಸೋ ಹಾಗೆ ಆಡಿಯೋ ಮಾಡಬೇಕು.

ಕೀಬೋರ್ಡ್‌ನ ಹೆಡ್‌ಫೋನ್ ತೂತಿನಿಂದ ಲ್ಯಾಪ್‌ಟಾಪ್‌ನ ಹೆಡ್‌ಸೆಟ್ ತೂತಿಗೆ ವೈರ್ ಹಾಕಿ ರೆಕಾರ್ಡ್ ಮಾಡಿದರೆ ಹಿಂದೆ ಗುಂಯ್ ಅನ್ನೋ ಸದ್ದು ಬರುತ್ತೆ. ಹಾಡು ನಿಂತ ಜಾಗದಲ್ಲಂತೂ ಅದೇ ಕೇಳುತ್ತೆ. ಎಡ ಬಲ ಎರಡೂ ಒಂದೇ ಆಗಿಬಿಡುತ್ತೆ. ಸ್ಟುಡಿಯೋದಲ್ಲಿ ಕೇಳಿದೆ, ಅವರು ಹಾಡಿಗಿಷ್ಟು ಅಂತಾರೆ. ಅಷ್ಟೆಲ್ಲ ನಮ್ಮ ಶಾಲೆಗೆ ಆಗೋದಿಲ್ಲ.

ಲ್ಯಾಪ್‌ಟಾಪ್ ವಿಂಡೋಸ್ 10, ರಾಮ್ 4 ಜಿಬಿ. ಐದು ಸಾವಿರದ ಒಳಗೆ ಏನು ತಗೊಳ್ಳಲಿ ಹೇಳಿ.

ಆರ್ಕೆಸ್ಟ್ರಾ_ಕೀಸ್_ತುಮಕೂರು

ನಮಸ್ಕಾರ ಮೇಡಂ. ಆ ಲ್ಯಾಪ್‌ಟಾಪ್ ತೂತು ಮೈಕ್‌ಗೆ ಅಂತ ಇರೋದು. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಹೆಡ್‌ಫೋನ್, ಮೈಕ್ ಎರಡಕ್ಕೂ ಒಂದೇ ತೂತು. ಅದರಲ್ಲಿ ಒಳಗೆ ಹೋಗೋದು ಮೊನೊ ಮಾತ್ರ. ಅದಕ್ಕೇ ನಿಮಗೆ ಎಡ ಬಲ ಸೇರಿಹೋಗಿದೆ. ಜೊತೆಗೆ ಮೈಕ್ ಅಂದರೆ ಬಹಳ ಸಣ್ಣ ಸಿಗ್ನಲ್ ಅಂತ ಅದು ಬಂದದ್ದನ್ನೆಲ್ಲ ಜೋರು ಮಾಡುತ್ತೆ. ಹಿಸ್ಸಿಂಗ್ ಬರದೆ ಇನ್ನೇನು.

ಗುಂಯ್ ಅನ್ನೋದು ಬಹುಶಃ ಕರೆಂಟಿನ 50 ಹರ್ಟ್ಸ್ ಹಮ್ಮಿಂಗ್. ಒಂದು ಸಲ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಸದ್ದು ನಿಂತರೆ ಚಾರ್ಜರ್ ಮತ್ತು ಕೀಬೋರ್ಡ್ ಅಡಾಪ್ಟರ್ ನಡುವೆ ಗ್ರೌಂಡ್ ಲೂಪ್ ಆಗಿದೆ, ಅಂದರೆ ವೈರ್‌ಗಳ ಗ್ರೌಂಡ್ ಒಂದು ಸುತ್ತಾಗಿ ಸೇರಿಕೊಂಡು ಅದರಲ್ಲಿ ಕರೆಂಟಿನ ಸದ್ದು ಹರಿಯುತ್ತಿದೆ ಅಂತ ಅರ್ಥ. ಒಂದು ಯುಎಸ್‌ಬಿ ಸೌಂಡ್ ಕಾರ್ಡ್ ತಗೊಳ್ಳಿ. ಬೆರಿಂಗರ್ ಯುಎಂ2 ಥರದ್ದು ನಮ್ಮ ಹುಡುಗರು ಬಹಳ ಜನ ಇಟ್ಟುಕೊಂಡಿದ್ದಾರೆ.

ಇನ್ನೊಂದು ಮಾತು, ದಯವಿಟ್ಟು ಗಮನಿಸಿ. ಹಮ್ಮಿಂಗ್ ಹೋಗಲಿ ಅಂತ ಪ್ಲಗ್‌ನ ಅರ್ಥ್ ಪಿನ್ ಮುರಿಯೋದು, ಅರ್ಥ್ ವೈರ್ ಬಿಚ್ಚೋದು ಮಾಡ್ತಾರೆ ಸ್ಟೇಜ್‌ಗಳಲ್ಲಿ. ಖಂಡಿತ ಮಾಡಬೇಡಿ. ಅದು ಇರೋದು ಜೀವ ಉಳಿಸೋಕೆ. ಮಕ್ಕಳು ಮೈಕ್ ಹಿಡಿಯೋ ಜಾಗ ಅದು. ಹಮ್ಮಿಂಗ್ ಹೋಗಲೇಬೇಕು ಅಂದ್ರೆ ಟ್ರಾನ್ಸ್‌ಫಾರ್ಮರ್ ಇರೋ ಡಿಐ ಬಾಕ್ಸ್ ಬಳಸಿ, ಅದು ಎರಡು ಯಂತ್ರಗಳ ನಡುವಿನ ಗ್ರೌಂಡ್ ಸಂಪರ್ಕ ಬಿಡಿಸಿ ಸದ್ದನ್ನು ಮಾತ್ರ ದಾಟಿಸೋ ಪುಟ್ಟ ಪೆಟ್ಟಿಗೆ.

ಕೇಳುಗ_ಧಾರವಾಡ

ಮೇಡಂ, ಏನೂ ಕೊಳ್ಳುವ ಮುಂಚೆ ಇದನ್ನು ಪೂರ್ತಿ ಓದಿ. ನಿಮ್ಮ ಹತ್ತಿರ ಮಿಡಿ ಫೈಲ್ ಇದೆ ಅಂದ್ರಿ. ಹಾಗಿದ್ರೆ ವೈರ್ ಯಾಕೆ ಬೇಕು?

ಮಿಡಿ ಫೈಲ್‌ನಲ್ಲಿ ಸದ್ದೇ ಇಲ್ಲ. ಅದು ಸ್ವರಲಿಪಿ ಪುಸ್ತಕ ಇದ್ದ ಹಾಗೆ. ಯಾವ ಸ್ವರ, ಯಾವಾಗ, ಎಷ್ಟು ಜೋರಾಗಿ, ಎಷ್ಟು ಹೊತ್ತು, ಯಾವ ವಾದ್ಯದಲ್ಲಿ ಅಂತ ಬರೆದಿಟ್ಟಿದೆ ಅಷ್ಟೆ. ಅದಕ್ಕೇ ನಾಲ್ಕು ನಿಮಿಷದ ಹಾಡಿನ ಫೈಲ್ ಕೆಲವೇ ಕೆಬಿ ಇರೋದು. ಸದ್ದು ಕೊಡೋದು ಅದನ್ನು ಓದೋ ಸಿಂತ್, ಅಂದರೆ ವಾದ್ಯದ ಸದ್ದು ಹುಟ್ಟಿಸೋ ಯಂತ್ರ ಅಥವಾ ಸಾಫ್ಟ್‌ವೇರ್. ನಿಮ್ಮ ಕೀಬೋರ್ಡ್ ಓದಿದರೆ ಕೀಬೋರ್ಡ್‌ನ ಸದ್ದು. ವಿಂಡೋಸ್ ಓದಿದರೆ ಅದರೊಳಗಿನ ಪುಟ್ಟ ಸಿಂತ್‌ನ ಸದ್ದು. ಆ ಸಿಂತ್‌ನ ಎಲ್ಲ ವಾದ್ಯಗಳೂ ಸೇರಿ ಸುಮಾರು 3.3 ಎಂಬಿ. ರೋಲ್ಯಾಂಡ್ ಕಂಪನಿಯಿಂದ ಲೈಸೆನ್ಸ್ ಪಡೆದು ಹಾಕಿದ ಸದ್ದುಗಳವು, ಇವತ್ತಿಗೂ ಹೆಚ್ಚು ಕಡಿಮೆ ಹಾಗೇ ಇವೆ. ಅದರಲ್ಲಿ ಕೇಳಿ ಮಿಡಿ ಅಂದ್ರೇನೇ ಆಟಿಕೆ ಸದ್ದು ಅಂದುಕೊಂಡವರು ಎಷ್ಟೋ ಜನ.

ಇದೇ ಫೈಲನ್ನು ಒಳ್ಳೆಯ ಸೌಂಡ್‌ಫಾಂಟ್‌ಗೆ ಕೊಟ್ಟು ನೋಡಿ. ಸೌಂಡ್‌ಫಾಂಟ್ ಅಂದರೆ ನಿಜವಾದ ವಾದ್ಯಗಳನ್ನು ಒಂದೊಂದೇ ಸ್ವರ ರೆಕಾರ್ಡ್ ಮಾಡಿ ಕಟ್ಟಿಟ್ಟ ಫೈಲ್. ಉಚಿತವಾಗಿ ಸಿಗೋದರಲ್ಲಿ ನಾನು ಎರಡು ಹೇಳ್ತೀನಿ. ಒಂದು ಜನರಲ್‌ಯೂಸರ್ ಜಿಎಸ್, ಸುಮಾರು 30 ಎಂಬಿ. ಇನ್ನೊಂದು ಫ್ಲೂಯಿಡ್ ಆರ್3, 140 ಎಂಬಿ ಮೇಲಿದೆ. ನಿಮ್ಮ 4 ಜಿಬಿ ಲ್ಯಾಪ್‌ಟಾಪ್‌ಗೆ ಎರಡೂ ಭಾರ ಅಲ್ಲ. ಜಿಬಿಗಟ್ಟಲೆ ಇರೋ ಸೌಂಡ್‌ಫಾಂಟ್ ಹಾಕಬೇಡಿ, ಒದ್ದಾಡುತ್ತೆ.

ಈಗ ಮುಖ್ಯ ವಿಷಯ. ಇದನ್ನು ಪ್ಲೇ ಮಾಡಿ ರೆಕಾರ್ಡ್ ಮಾಡೋದಲ್ಲ. ರೆಂಡರ್ ಮಾಡೋದು. ಕಂಪ್ಯೂಟರ್ ಲೆಕ್ಕ ಹಾಕಿ ನೇರವಾಗಿ ವೇವ್ ಫೈಲ್ ಬರೆಯುತ್ತೆ. ವೈರ್ ಇಲ್ಲ, ಮೈಕ್ ಇಲ್ಲ, ಚಾರ್ಜರ್‌ನ ಹಮ್ಮಿಂಗ್ ಒಳಗೆ ಬರೋಕೆ ದಾರಿಯೇ ಇಲ್ಲ. ಮಧ್ಯೆ ವಾಟ್ಸಾಪ್ ಟಿಂಗ್ ಅಂದರೂ ಫೈಲ್‌ಗೆ ಹೋಗಲ್ಲ. ನಾಲ್ಕು ನಿಮಿಷದ ಹಾಡಿಗೆ ನಾಲ್ಕು ನಿಮಿಷ ಕಾಯಬೇಕಾಗಿಯೂ ಇಲ್ಲ, ಕೆಲವು ಸೆಕೆಂಡಲ್ಲಿ ಮುಗಿಯುತ್ತೆ.

ನಿಮಗೆ ಸುಲಭ ಆಗೋದು ಎಲ್‌ಎಂಎಂಎಸ್ ಅನ್ನೋ ಉಚಿತ ಸಾಫ್ಟ್‌ವೇರ್. ಅದರ ಸೆಟ್ಟಿಂಗ್‌ನಲ್ಲಿ ಸೌಂಡ್‌ಫಾಂಟ್ ಎಲ್ಲಿದೆ ಅಂತ ತೋರಿಸಿ, ಮಿಡಿ ಇಂಪೋರ್ಟ್ ಮಾಡಿ, ಎಕ್ಸ್‌ಪೋರ್ಟ್ ಒತ್ತಿ. 44,100 ಹರ್ಟ್ಸ್, 24 ಬಿಟ್ ವೇವ್ ಆಯ್ದುಕೊಳ್ಳಿ. ಕೊನೆಯ ಸ್ವರ ಆದ ಮೇಲೆ ಒಂದೆರಡು ಖಾಲಿ ಆವರ್ತ ಬಿಡಿ. ಇಲ್ಲದಿದ್ದರೆ ಕೊನೆಯ ತಾಳದ ಝೇಂಕಾರ ಕತ್ತರಿಸಿದ ಹಾಗೆ ನಿಲ್ಲುತ್ತೆ.

ಮ್ಯೂಸ್‌ಸ್ಕೋರ್ ಕೂಡ ಉಚಿತ, ಸದ್ದೂ ಚೆನ್ನಾಗಿದೆ. ಆದರೆ ಅದು ನೊಟೇಶನ್ ಬರೆಯೋ ಸಾಫ್ಟ್‌ವೇರ್. ಮಿಡಿ ತೆರೆದಾಗ ನೀವು ಕೈಯಲ್ಲಿ ನುಡಿಸಿದ ಹಿಂದೆ ಮುಂದೆಯ ಓಟವನ್ನೆಲ್ಲ ಲೆಕ್ಕದ ಮಾತ್ರೆಗೆ ಎಳೆದು ಕೂರಿಸುತ್ತೆ. ಭಾವಗೀತೆಗೆ ಅದು ಹೊಂದೋದಿಲ್ಲ. ಆಡಿಯೋ ತಿದ್ದೋ ಉಚಿತ ಸಾಫ್ಟ್‌ವೇರ್ ಆಡಾಸಿಟಿಯಲ್ಲಿ ಮಿಡಿ ತೆರೆಯಬಹುದು, ಆದರೆ ಅದು ಮಿಡಿಯನ್ನು ಆಡಿಯೋ ಆಗಿ ಹೊರಗೆ ಕೊಡಲ್ಲ. ಆಡಾಸಿಟಿ ಬೇಕಾಗೋದು ಆಮೇಲೆ.

ಐದು ಸಾವಿರವನ್ನು ಈಗಲೇ ಖರ್ಚು ಮಾಡಬೇಡಿ.

ಡಿಜೆ_ಮಂಡ್ಯ

ಇಷ್ಟೆಲ್ಲ ಯಾಕೆ ಸರ್? ಈಗಾಗಲೇ ರೆಕಾರ್ಡ್ ಮಾಡಿದ್ದಾರಲ್ಲ, ಅದನ್ನೇ ಆಡಾಸಿಟಿಗೆ ಹಾಕಿ ನಾಯ್ಸ್ ರಿಡಕ್ಷನ್ ಕೊಟ್ಟರೆ ಸಾಕು. ಎರಡು ನಿಮಿಷದ ಕೆಲಸ.

ಕೇಳುಗ_ಧಾರವಾಡ

ಮಾತು ರೆಕಾರ್ಡ್ ಮಾಡಿದ್ದಕ್ಕೆ ಪರವಾಗಿಲ್ಲ. ಸಂಗೀತಕ್ಕೆ ನಾನು ಬೇಡ ಅಂತೀನಿ, ಅದರಲ್ಲೂ ತಂಬೂರಿ ಇರೋ ಸಂಗೀತಕ್ಕೆ.

ನಾಯ್ಸ್ ರಿಡಕ್ಷನ್ ಮಾಡೋದೇನು? ಖಾಲಿ ಜಾಗ ಅಂತ ನೀವು ತೋರಿಸಿದ ಭಾಗದಲ್ಲಿ ಯಾವ ಯಾವ ಆವರ್ತನ ಎಷ್ಟಿದೆ ಅಂತ ನೋಡಿ, ಹಾಡಿನ ಉದ್ದಕ್ಕೂ ಆ ಮಟ್ಟಕ್ಕಿಂತ ಕೆಳಗೆ ಇರೋದನ್ನು ತಗ್ಗಿಸುತ್ತೆ. ಹಮ್ಮಿಂಗ್ ಬರೀ 50 ಹರ್ಟ್ಸ್‌ನಲ್ಲಿ ನಿಲ್ಲೋದಿಲ್ಲ. 100, 150, 200 ಅಂತ ಮೇಲಕ್ಕೆ ಹೋಗುತ್ತೆ. ನಿಮ್ಮ ಷಡ್ಜ, ಪಂಚಮಗಳೂ ಅದೇ ಕೇರಿಯಲ್ಲಿವೆ. ತಂಬೂರಿಯ ಜೀವಾಳಿ ಅಂದರೆ ಸದ್ದಿನ ಮೇಲ್ತುದಿಯಲ್ಲಿ ಮಿಂಚೋ ಸಣ್ಣ ಸಣ್ಣ ಎಳೆಗಳು. ಹಿಸ್ಸಿಂಗ್ ತೆಗೆಯೋಕೆ ಹೋದರೆ ಮೊದಲು ಹೋಗೋದೇ ಅವು. ಉಳಿಯೋದು ನೀರೊಳಗಿಂದ ಬಂದ ಹಾಗಿರೋ ಗುಳುಗುಳು. ಶ್ರುತಿ ಪೆಟ್ಟಿಗೆ ಆನ್ ಇರೋ ಭಾಗವನ್ನೇ ಸದ್ದಿನ ಮಾದರಿ ಅಂತ ಕೊಟ್ಟುಬಿಟ್ಟರೆ ಶ್ರುತಿಯೇ ಮಾಯ.

ಮೂಲ ಮಿಡಿ ಕೈಯಲ್ಲಿಲ್ಲ, ಹಳೇ ಕ್ಯಾಸೆಟ್ ಮಾತ್ರ ಇದೆ ಅಂದರೆ ಬೇರೆ ವಿಷಯ. ಇಲ್ಲಿ ಮೂಲವೇ ಇದೆ. ಇರುವಾಗ ತೊಳೆದು ಬಳಸೋದು ಯಾಕೆ?

ಡಿಜೆ_ಮಂಡ್ಯ

ತಂಬೂರಿ ವಿಷಯ ಸರಿ ಸರ್, ಒಪ್ಪಿದೆ. ನಾನು ಡೊಳ್ಳು, ತಮಟೆ ರೆಕಾರ್ಡಿಂಗ್ ಲೆಕ್ಕದಲ್ಲಿ ಹೇಳಿದ್ದು. ಅದರ ಜೋರಿನಲ್ಲಿ ಏನೂ ಗೊತ್ತಾಗಲ್ಲ.

ಸರಿಗಮ_ಹಾಸನ

ಧಾರವಾಡದ ಸರ್, ಹೇಳಿದ ಹಾಗೆ ಎಲ್‌ಎಂಎಂಎಸ್ ಹಾಕಿ ಜನರಲ್‌ಯೂಸರ್ ಸೌಂಡ್‌ಫಾಂಟ್‌ನಲ್ಲಿ ಪ್ರಾರ್ಥನೆ ಹಾಡು ರೆಂಡರ್ ಮಾಡಿದೆ. ಹಿಂದಿನ ಸದ್ದು ಪೂರ್ತಿ ಹೋಯ್ತು! ಹಾಡು ಶುರುವಾಗುವ ಮುಂಚೆ ನಿಜವಾದ ಮೌನ ಇದೆ. ವಯೊಲಿನ್ ಗುಂಪು, ಪಿಯಾನೊ, ಗಿಟಾರ್ ಎಲ್ಲ ಕೀಬೋರ್ಡ್‌ಗಿಂತ ಚೆನ್ನಾಗಿವೆ ಅನ್ನಿಸಿತು.

ಆದರೆ ಮೂರು ತೊಂದರೆ. ತಬಲಾ ಇದ್ದ ಜಾಗದಲ್ಲಿ ಇಂಗ್ಲಿಷ್ ಡ್ರಮ್ಸ್ ಬರ್ತಿದೆ. ತಂಬೂರಿ ಟ್ರ್ಯಾಕ್ ಪಿಯಾನೊ ಆಗಿ ಟಿಂಗ್ ಟಿಂಗ್ ಅಂತಿದೆ. ಕೊಳಲು ಕೊಳಲೇ, ಆದರೆ ಜೀವ ಇಲ್ಲ. ಕೀಬೋರ್ಡ್‌ನಲ್ಲಿ ಚಕ್ರ ತಿರುಗಿಸಿ ಕೊಟ್ಟ ಗಮಕ ಕೆಲವು ಕಡೆ ಅರ್ಧಕ್ಕೇ ನಿಂತ ಹಾಗಿದೆ.

ಕೇಳುಗ_ಧಾರವಾಡ

ಮೂರಕ್ಕೂ ಕಾರಣ ಇದೆ ಮೇಡಂ.

ಜನರಲ್ ಮಿಡಿ ಅನ್ನೋ ಒಪ್ಪಂದ 1991ರಲ್ಲಿ ಆಗಿದ್ದು. ಅದರಲ್ಲಿ 128 ವಾದ್ಯಗಳ ಪಟ್ಟಿ ಇದೆ. ಯಾವ ಕಂಪನಿಯ ಸಿಂತ್ ಆದರೂ 1 ಅಂದರೆ ಪಿಯಾನೊ, 41 ಅಂದರೆ ವಯೊಲಿನ್, 74 ಅಂದರೆ ಕೊಳಲು. ನಮ್ಮ ಕಡೆಯ ವಾದ್ಯ ಅಂತ ಅದರಲ್ಲಿ ಸೇರಿದ್ದು ಎರಡೇ. 105ರಲ್ಲಿ ಸಿತಾರ್, 112ರಲ್ಲಿ ಶಹನಾಯಿ. ತಬಲಾ ಇಲ್ಲ, ಮೃದಂಗ ಇಲ್ಲ, ವೀಣೆ ಇಲ್ಲ, ತಂಬೂರಿ ಇಲ್ಲ. ನಮ್ಮ ದೇಶಕ್ಕೆ ಅಂತ ಬರೋ ಕೀಬೋರ್ಡ್‌ಗಳಲ್ಲಿ ಕಂಪನಿಯವರು ಇವನ್ನು ಬೇರೆ ಬ್ಯಾಂಕ್ ನಂಬರ್‌ನಲ್ಲಿ ಇಡ್ತಾರೆ. ನಿಮ್ಮ ಮಿಡಿ ಫೈಲ್ 'ಇಂಥ ಬ್ಯಾಂಕ್‌ನ ಇಂಥ ವಾದ್ಯ' ಅಂತ ಕೇಳುತ್ತೆ. ಸೌಂಡ್‌ಫಾಂಟ್‌ನಲ್ಲಿ ಆ ಬ್ಯಾಂಕ್ ಇಲ್ಲ. ಇರೋದರಲ್ಲಿ ಯಾವುದೋ ಒಂದು ನುಡಿಯುತ್ತೆ. ತಂಬೂರಿ ಪಿಯಾನೊ ಆಗಿದ್ದು ಹೀಗೆ.

ಆದ್ದರಿಂದ ಒಂದೇ ಕಡೆ ಎಲ್ಲ ಮಾಡೋದು ಬಿಡಿ. ಸ್ಟ್ರಿಂಗ್ಸ್, ಗಿಟಾರ್, ಬೇಸ್, ಪಿಯಾನೊ ಸೌಂಡ್‌ಫಾಂಟ್‌ನಿಂದ ಬರಲಿ. ತಬಲಾ, ತಂಬೂರಿ ನಿಮ್ಮ ಕೀಬೋರ್ಡ್‌ನಿಂದಲೇ ಬರಲಿ. ನಿಮ್ಮ ಕೀಬೋರ್ಡ್‌ನ ಪುಸ್ತಕ ತೆಗೆದು ನೋಡಿ. ಕೆಲವು ಮಾಡೆಲ್‌ಗಳು ನುಡಿಸಿದ್ದನ್ನು ನೇರ ಪೆನ್‌ಡ್ರೈವ್‌ಗೆ ವೇವ್ ಮಾಡಿ ಕೊಡ್ತವೆ. ಕೆಲವು ಮಿಡಿ ಹೋಗುವ ಅದೇ ಯುಎಸ್‌ಬಿ ಕೇಬಲ್‌ನಲ್ಲಿ ಆಡಿಯೋ ಕೂಡ ಕಳಿಸ್ತವೆ. ಎರಡರಲ್ಲಿ ಒಂದಿದ್ದರೂ ನಿಮಗೆ ಸೌಂಡ್ ಕಾರ್ಡ್ ಬೇಡ. ಉಳಿದ ಚಾನೆಲ್ ಎಲ್ಲ ಮ್ಯೂಟ್ ಮಾಡಿ ತಬಲಾ ಒಂದನ್ನೇ ತೆಗೆಯಿರಿ, ಆಮೇಲೆ ತಂಬೂರಿ. ಶುರುವಿನಲ್ಲಿ ಎಲ್ಲ ಟ್ರ್ಯಾಕ್‌ಗೂ ಸೇರಿ ಒಂದು 'ಟಕ್' ಹಾಕಿಕೊಳ್ಳಿ. ಜೋಡಿಸುವಾಗ ಆ ಟಕ್ ಒಂದರ ಕೆಳಗೆ ಒಂದು ಕೂರಿಸಿದರೆ ಹಾಡು ಪೂರ್ತಿ ಕೂರುತ್ತೆ. ಆಮೇಲೆ ಅದನ್ನು ಕತ್ತರಿಸಿ.

ಎಲ್‌ಎಂಎಂಎಸ್‌ನಲ್ಲಿ 'ಎಕ್ಸ್‌ಪೋರ್ಟ್ ಟ್ರ್ಯಾಕ್ಸ್' ಅಂತ ಇದೆ. ಪ್ರತಿ ವಾದ್ಯವೂ ಬೇರೆ ಬೇರೆ ವೇವ್ ಆಗಿ ಬರುತ್ತೆ. ಅದನ್ನೇ ಬಳಸಿ.

ಗಮಕದ ವಿಷಯ ಬಿದಿರು ಅವರು ಹೇಳಿದರೆ ಚೆಂದ.

ಬಿದಿರು_ಮೈಸೂರು

ಕರೆದದ್ದಕ್ಕೆ ಥ್ಯಾಂಕ್ಸ್ ಸರ್. ನಾನು ಕೊಳಲು ನುಡಿಸೋನು, ಮಿಡಿಯನ್ನೂ ಬಹಳ ಬಳಸ್ತೀನಿ.

ಟೀಚರ್, ಚಕ್ರ ತಿರುಗಿಸಿದಾಗ ಮಿಡಿಯಲ್ಲಿ ಬರೆಯೋದು 'ಪೂರ್ತಿ ಮೇಲೆ', 'ಅರ್ಧ ಕೆಳಗೆ' ಅಂತ ಮಾತ್ರ. ಪೂರ್ತಿ ಅಂದರೆ ಎಷ್ಟು ಸ್ವರ ಅನ್ನೋದನ್ನು ಸಿಂತ್ ತೀರ್ಮಾನ ಮಾಡುತ್ತೆ. ಬೇರೆ ಏನೂ ಹೇಳದಿದ್ದರೆ ಮೇಲೆ ಎರಡು ಸೆಮಿಟೋನ್ (ಕೀಬೋರ್ಡ್‌ನ ಪಕ್ಕಪಕ್ಕದ ಎರಡು ಮನೆಗಳ ಅಂತರ ಒಂದು ಸೆಮಿಟೋನ್), ಕೆಳಗೆ ಎರಡು. ಅಂದರೆ ಸ ಇಂದ ಚತುಶ್ರುತಿ ರಿಷಭದವರೆಗೆ. ನಿಮ್ಮ ಕೀಬೋರ್ಡ್‌ನಲ್ಲಿ ಅದನ್ನು ನಾಲ್ಕು ಅಥವಾ ಏಳು ಅಂತ ಇಟ್ಟುಕೊಂಡು ನುಡಿಸಿರ್ತೀರಿ. ಆ ಸೆಟ್ಟಿಂಗ್ ಫೈಲ್‌ಗೆ ಬಂದಿಲ್ಲ. ಸೌಂಡ್‌ಫಾಂಟ್ ಎರಡೇ ಅಂದುಕೊಂಡು ನುಡಿಸ್ತಿದೆ. ಅದಕ್ಕೇ ಜಾರು ಅರ್ಧಕ್ಕೆ ನಿಂತಿದ್ದು. ಎಲ್‌ಎಂಎಂಎಸ್‌ನಲ್ಲಿ ಪ್ರತಿ ವಾದ್ಯಕ್ಕೂ ಪಿಚ್ ಪಕ್ಕದಲ್ಲೇ ರೇಂಜ್ ಅಂತ ಒಂದು ಅಂಕಿ ಇದೆ. ಕೀಬೋರ್ಡ್‌ನಲ್ಲಿ ಎಷ್ಟಿತ್ತೋ ಅಷ್ಟೇ ಅಲ್ಲಿ ಇಟ್ಟು ಕೇಳಿ.

ಇನ್ನೊಂದು. ಮಿಡಿಯಲ್ಲಿ ಚಕ್ರ ತಿರುಗಿದರೆ ಆ ಚಾನೆಲ್‌ನಲ್ಲಿರೋ ಎಲ್ಲ ಸ್ವರವೂ ಒಟ್ಟಿಗೆ ಜಾರುತ್ತೆ. ಕೊಳಲು ಮತ್ತು ಅದರ ಹಿಂದಿನ ಸ್ಟ್ರಿಂಗ್ಸ್ ಒಂದೇ ಚಾನೆಲ್‌ನಲ್ಲಿದ್ದರೆ ಗಮಕ ಕೊಟ್ಟಾಗ ಹಿಂದಿನ ವಾದ್ಯವೂ ನಡುಗುತ್ತೆ. ರಾಗದ ಹಾಡು ಹೇಳುವ ವಾದ್ಯಕ್ಕೆ ಯಾವಾಗಲೂ ಪ್ರತ್ಯೇಕ ಚಾನೆಲ್ ಕೊಡಿ. 16 ಚಾನೆಲ್ ಇವೆ, ಶಾಲೆಯ ಹಾಡಿಗೆ ಧಾರಾಳ. 10ನೆಯದನ್ನು ಮಾತ್ರ ತಾಳವಾದ್ಯಕ್ಕೆ ಬಿಡಿ.

ಇಷ್ಟು ಮಾಡಿದರೂ ನಿಜ ಹೇಳಬೇಕು ಅಂದರೆ, ಮೋಹನ, ಹಂಸಧ್ವನಿಯಂಥ ರಾಗದ ಸರಳ ಹಾಡು ಮಿಡಿಯಲ್ಲಿ ಒಪ್ಪುತ್ತೆ. ತೋಡಿಯ ಗಾಂಧಾರ, ಭೈರವಿಯ ನಿಷಾದ ಒಪ್ಪೋದಿಲ್ಲ. ಅಲ್ಲಿ ಸ್ವರ ನಿಲ್ಲೋ ಜಾಗವೇ ಇಲ್ಲ, ಓಡಾಟವೇ ಸ್ವರ. ರೆಕಾರ್ಡ್ ಮಾಡಿದ ಒಂದು ನಿಂತ ಸ್ವರವನ್ನು ಕಂಪ್ಯೂಟರ್ ಎಷ್ಟು ಅಲ್ಲಾಡಿಸಿದರೂ ಉಸಿರು ಬದಲಾಗೋದಿಲ್ಲ. ನಾನು ಕೊಳಲಲ್ಲಿ ಜಾರುವಾಗ ಬೆರಳು ಮಾತ್ರ ಅಲ್ಲ, ತುಟಿಯ ಕೋನವೂ, ಗಾಳಿಯ ಒತ್ತಡವೂ ಬದಲಾಗುತ್ತೆ.

ನನ್ನ ಸಲಹೆ ಕೇಳೋದಾದರೆ, ಉಳಿಸಿದ ದುಡ್ಡು ಇಲ್ಲಿ ಹಾಕಿ. ನಿಮ್ಮೂರಲ್ಲಿ ಕೊಳಲು ಅಥವಾ ಪಿಟೀಲು ಕಲಿತಿರೋ ಒಬ್ಬ ವಿದ್ಯಾರ್ಥಿ ಸಿಕ್ಕೇ ಸಿಗ್ತಾರೆ. ಹಿಂದಿನದೆಲ್ಲ ಕಂಪ್ಯೂಟರ್‌ನಿಂದ ಬರಲಿ, ಮುಂದೆ ಒಂದೇ ಒಂದು ನಿಜವಾದ ವಾದ್ಯ ಇರಲಿ. ಇಡೀ ಟ್ರ್ಯಾಕ್‌ಗೆ ಜೀವ ಬರುತ್ತೆ. ಇದನ್ನು ನಾನು ಎಷ್ಟು ಜೋರಾಗಿ ಹೇಳಿದರೂ ಸಾಲದು.

ಸರಿಗಮ_ಹಾಸನ

ರೇಂಜ್ ಬದಲಿಸಿದೆ, ಜಾರು ಸರಿಯಾಯ್ತು! ನಮ್ಮ ಒಂಬತ್ತನೇ ತರಗತಿಯಲ್ಲಿ ಒಬ್ಬಳು ಹುಡುಗಿ ಕೊಳಲು ಕಲೀತಿದ್ದಾಳೆ. ಅವಳಿಂದಲೇ ನುಡಿಸಬಹುದಾ? ರೆಕಾರ್ಡ್ ಮಾಡೋಕೆ ಮೈಕ್ ಇಲ್ಲ, ಫೋನ್ ಇದೆ.

ಬಿದಿರು_ಮೈಸೂರು

ಖಂಡಿತ ನುಡಿಸಿ ಟೀಚರ್, ಅವಳ ಸಂಗೀತಕ್ಕೂ ಒಳ್ಳೆಯದು.

ಫೋನ್ ಸಾಕು, ಆದರೆ ಜಾಗ ಮುಖ್ಯ. ತರಗತಿ ಕೋಣೆ ಬೇಡ, ಗೋಡೆ ಗೋಡೆಗೂ ಗುಂಯ್‌ಗುಡುತ್ತೆ. ಮನೆಯಲ್ಲಿ ಹಾಸಿಗೆ, ಬಟ್ಟೆ ತುಂಬಿರೋ ಕೋಣೆ ನೋಡಿ. ಫ್ಯಾನ್ ಆರಿಸಿ. ಹಿಂದೆ ಒಂದು ದಪ್ಪ ಕಂಬಳಿ ನೇತುಹಾಕಿ. ಫೋನನ್ನು ತುಟಿಯ ನೇರಕ್ಕೆ ಇಡಬೇಡಿ, ಗಾಳಿ ಬಡಿದು ಭುಸ್ ಅನ್ನುತ್ತೆ. ಎರಡಡಿ ದೂರ, ಸ್ವಲ್ಪ ಮೇಲೆ, ಬೆರಳುಗಳ ಕಡೆಗೆ ಮುಖ ಮಾಡಿ ಇಡಿ. ಫೋನ್ ಏರ್‌ಪ್ಲೇನ್ ಮೋಡ್‌ನಲ್ಲಿರಲಿ. ವೇವ್ ಆಗಿ ಉಳಿಸೋ ರೆಕಾರ್ಡರ್ ಆ್ಯಪ್ ಹಾಕಿಕೊಳ್ಳಿ. ಅವಳು ಟ್ರ್ಯಾಕನ್ನು ಇಯರ್‌ಫೋನ್‌ನಲ್ಲಿ ಕೇಳುತ್ತಾ ನುಡಿಸಲಿ, ಅದೂ ವೈರ್ ಇರೋ ಇಯರ್‌ಫೋನ್. ಬ್ಲೂಟೂತ್‌ನಲ್ಲಿ ಸದ್ದು ತಡವಾಗಿ ಬರುತ್ತೆ, ಅವಳೂ ತಡವಾಗಿ ನುಡಿಸ್ತಾಳೆ. ಒಂದೇ ಕಿವಿಗೆ ಹಾಕಲಿ, ಇನ್ನೊಂದು ಕಿವಿಯಲ್ಲಿ ತನ್ನ ಕೊಳಲು ಕೇಳಬೇಕು.

ಮೊದಲೇ ಶ್ರುತಿ ನೋಡಿ. ಬಿದಿರಿನ ಕೊಳಲು ಬೆಚ್ಚಗಾದಷ್ಟೂ ಶ್ರುತಿ ಮೇಲೇರುತ್ತೆ. ಹತ್ತು ನಿಮಿಷ ನುಡಿಸಿ ಬಿಸಿಯಾದ ಮೇಲೆ ಟ್ಯೂನರ್ ಆ್ಯಪ್‌ನಲ್ಲಿ ಎಷ್ಟು ಸೆಂಟ್ (ಸೆಮಿಟೋನ್‌ನ ನೂರನೇ ಒಂದು ಭಾಗ) ಹೆಚ್ಚು ಕಡಿಮೆ ಇದೆ ನೋಡಿ. ಕೊಳಲನ್ನು ಟ್ರ್ಯಾಕ್‌ಗೆ ಎಳೆಯೋದು ಬೇಡ. ಟ್ರ್ಯಾಕನ್ನೇ ಅಷ್ಟು ಸೆಂಟ್ ಸರಿಸಿ ಮತ್ತೆ ರೆಂಡರ್ ಮಾಡಿ. ಮಿಡಿ ಇರೋದರ ಲಾಭವೇ ಇದು.

ಪೆಂಗ್ವಿನ್_ಕನ್ನಡಿಗ (ಮ್ಯೂನಿಕ್)

ಇಲ್ಲಿ ನಮ್ಮ ಕನ್ನಡ ಕೂಟದ ಮಕ್ಕಳ ಹಾಡುಗಳಿಗೆ ನಾನೂ ಇದೇ ಕೆಲಸ ಮಾಡ್ತೀನಿ, ಲಿನಕ್ಸ್‌ನಲ್ಲಿ. ಬಹಳ ಫೈಲ್ ಇದ್ದರೆ ಫ್ಲೂಯಿಡ್‌ಸಿಂತ್ ಅನ್ನೋ ಉಚಿತ ಸಾಫ್ಟ್‌ವೇರ್ ನೋಡಿ. ಕಮಾಂಡ್ ಬರೆದು ಒಂದು ಫೋಲ್ಡರ್ ಪೂರ್ತಿ ಒಂದೇ ಸಲ ವೇವ್ ಮಾಡಬಹುದು. ವಿಂಡೋಸ್‌ಗೂ ಸಿಗುತ್ತೆ.

ಅದರಲ್ಲಿ ಜನ ಎಡವೋ ಎರಡು ಜಾಗ. ಗೇನ್, ಅಂದರೆ ಸದ್ದನ್ನು ಎಷ್ಟು ಏರಿಸಬೇಕು ಅನ್ನೋ ಅಂಕಿ, ಸುಮ್ನೆ ಬಿಟ್ಟರೆ 0.2 ಇರುತ್ತೆ, ಸದ್ದು ಬಹಳ ಸಣ್ಣ ಅನ್ನಿಸುತ್ತೆ. ಒಂದಕ್ಕೆ ಏರಿಸಿದರೆ ತುಂಬಿದ ಹಾಡಿನಲ್ಲಿ ಒಡೆಯುತ್ತೆ. ಔಟ್‌ಪುಟ್ ಫ್ಲೋಟ್ (ಮಿತಿ ಮೀರಿ ಜೋರಾದರೂ ಒಡೆಯದ ಫಾರ್ಮ್ಯಾಟ್) ಅಂತ ಕೊಟ್ಟು ರೆಂಡರ್ ಮಾಡಿ, ಲೆವೆಲ್ ಆಮೇಲೆ ಆಡಾಸಿಟಿಯಲ್ಲಿ ಏರಿಸಿ. ಇನ್ನೊಂದು, ರಿವರ್ಬ್ (ಕೋಣೆಯ ಪ್ರತಿಧ್ವನಿ) ಮತ್ತು ಕೋರಸ್ (ಹಲವು ವಾದ್ಯ ಸೇರಿದ ಹಾಗೆ ದಪ್ಪ ಮಾಡೋದು) ತಾವಾಗಿಯೇ ಆನ್ ಇರ್ತವೆ. ಆರಿಸಿ. ಒಣ ಸದ್ದು ತೆಗೆದುಕೊಂಡು, ಕೊನೆಗೆ ಆ ಹುಡುಗಿಯ ಕೊಳಲೂ ಸೇರಿ ಎಲ್ಲಕ್ಕೂ ಒಂದೇ ರಿವರ್ಬ್ ಕೊಡಿ. ಆಗ ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ನುಡಿಸಿದ ಹಾಗೆ ಕೇಳುತ್ತೆ.

ಹಕ್ಕಿನ ವಿಷಯ ಒಂದು ಮಾತು. ಫ್ಲೂಯಿಡ್ ಆರ್3, ಜನರಲ್‌ಯೂಸರ್ ಎರಡನ್ನೂ ಎಲ್ಲಿ ಬೇಕಾದರೂ ಬಳಸಬಹುದು. ಟೆಲಿಗ್ರಾಂ ಗುಂಪುಗಳಲ್ಲಿ ಹರಿದಾಡೋ, ಕೀಬೋರ್ಡ್‌ಗಳಿಂದ ಕದ್ದು ತೆಗೆದ ಸದ್ದುಗಳು ಬೇಡ. ಹಾಗೇ ಟ್ರ್ಯಾಕ್ ನೀವೇ ಮಾಡಿದರೂ ಕವಿತೆ, ರಾಗ ಸಂಯೋಜನೆಯ ಹಕ್ಕು ಬೇರೆ. ಭಾರತದ ಕಾನೂನಿನಲ್ಲಿ ಕವಿ ತೀರಿಕೊಂಡ ಮೇಲೂ 60 ವರ್ಷ ಇರುತ್ತೆ. ಯೂಟ್ಯೂಬ್‌ಗೆ ಹಾಕೋದಾದರೆ ಮೊದಲು ಕೇಳಿಕೊಳ್ಳಿ. ದಾಸರ ಪದಗಳ ಸಾಹಿತ್ಯಕ್ಕೆ ಆ ಚಿಂತೆ ಇಲ್ಲ.

ಆರ್ಕೆಸ್ಟ್ರಾ_ಕೀಸ್_ತುಮಕೂರು

ಒಳ್ಳೆ ಚರ್ಚೆ. ಮೇಡಂ ಕೀಬೋರ್ಡ್‌ನಲ್ಲಿ ಯುಎಸ್‌ಬಿ ಆಡಿಯೋ ಇಲ್ಲದಿದ್ದರೆ ಸೌಂಡ್ ಕಾರ್ಡ್ ಬೇಕೇ ಬೇಕಲ್ಲ ಸರ್? ತಬಲಾಗೆ?

ಕೇಳುಗ_ಧಾರವಾಡ

ಹೌದು ಸರ್, ಆಗ ನೀವು ಹೇಳಿದ್ದೇ ಸರಿ. ಕೀಬೋರ್ಡ್‌ನಿಂದ ಎರಡು ವೈರ್, ಎಡಕ್ಕೊಂದು ಬಲಕ್ಕೊಂದು. ಸೌಂಡ್ ಕಾರ್ಡ್‌ನಲ್ಲಿ ಲೈನ್ ಇನ್‌ಪುಟ್ ಎರಡಿದ್ದರೆ ಎರಡಕ್ಕೂ ಹಾಕಿ. ಕೀಬೋರ್ಡ್ ವಾಲ್ಯೂಮ್ ಮುಕ್ಕಾಲಿಗಿಂತ ಮೇಲಿಟ್ಟು ಕಾರ್ಡ್‌ನ ಗೇನ್ ಕಡಿಮೆ ಇಡಬೇಕು. ಕೀಬೋರ್ಡ್ ಸಣ್ಣಗಿಟ್ಟು ಇಲ್ಲಿ ಏರಿಸಿದರೆ ಹಿಸ್ಸಿಂಗ್ ಕೂಡ ಜೊತೆಗೇ ಏರುತ್ತೆ. ಎಲ್ಲಕ್ಕಿಂತ ಜೋರಾದ ಪೆಟ್ಟು ಮೈನಸ್ 6 ಡೆಸಿಬಲ್ ದಾಟದ ಹಾಗೆ ನೋಡಿಕೊಂಡರೆ ಸಾಕು. ತಬಲಾ ಪೆಟ್ಟು ಥಟ್ ಅಂತ ಏರುತ್ತೆ, ಕಣ್ಣಿಗೆ ಕಾಣೋ ಮುಂಚೆ ಒಡೆದಿರುತ್ತೆ.

ಸರಿಗಮ_ಹಾಸನ

ನನ್ನ ಕೀಬೋರ್ಡ್ ಪೆನ್‌ಡ್ರೈವ್‌ಗೆ ವೇವ್ ಬರೆಯುತ್ತೆ! ಪುಸ್ತಕದ ಕೊನೆಯ ಭಾಗದಲ್ಲಿತ್ತು. ತಬಲಾ, ತಂಬೂರಿ ಎರಡೂ ಶುದ್ಧವಾಗಿ ಬಂದವು. ಟಕ್ ಹಾಕಿ ಜೋಡಿಸಿದೆ, ಚೆನ್ನಾಗಿ ಕೂತಿದೆ.

ಈಗ ಎಲ್ಲ ಸೇರಿಸಿ ಕೊನೆಯ ಫೈಲ್ ಮಾಡುವಾಗ ಏನು ನೋಡಬೇಕು? ನಮ್ಮ ಶಾಲೆಯಲ್ಲಿರೋದು ಹಳೇ ಅಹೂಜ ಆಂಪ್ಲಿಫೈಯರ್, ಮೈದಾನದಲ್ಲಿ ಎರಡು ಹಾರ್ನ್. ಮೊದಲು ಒಂದು ಟ್ರ್ಯಾಕ್ ಹಾಕಿದಾಗ ತಬಲಾದ ಎಡ ಕೇಳಲೇ ಇಲ್ಲ.

ಕೇಳುಗ_ಧಾರವಾಡ

ಹಾರ್ನ್‌ನಲ್ಲಿ ಬೇಸ್ ಬರೋದೇ ಇಲ್ಲ ಮೇಡಂ, ಅದನ್ನು ಮಾಡಿರೋದು ಮಾತು ದೂರಕ್ಕೆ ಮುಟ್ಟಲಿ ಅಂತ. ಬೇಸ್ ಏರಿಸಿದರೆ ಆಂಪ್ಲಿಫೈಯರ್‌ಗೆ ಸುಮ್ನೆ ಭಾರ. ಎಡದ 'ಗುಂ'ಗಿಂತ ಬಲದ 'ನಾ', 'ತಿನ್' ಸ್ವಲ್ಪ ಮುಂದೆ ತನ್ನಿ, ಮಕ್ಕಳಿಗೆ ತಾಳ ಅದರಿಂದ ಸಿಗುತ್ತೆ. ಬೇಸ್ ಗಿಟಾರ್ ಒಂದು ಸ್ಥಾಯಿ ಮೇಲೆ ನುಡಿಸಿ. ಇದೂ ಮಿಡಿಯಲ್ಲಿ ಒಂದು ಕ್ಲಿಕ್.

ಆ ಸೆಟ್ ಮೊನೊ. ಎಡ ಬಲಕ್ಕೆ ಅಗಲವಾಗಿ ಹರಡಿದ ಸ್ಟ್ರಿಂಗ್ಸ್ ಮೊನೊ ಆದಾಗ ಕೆಲವೊಮ್ಮೆ ಒಂದನ್ನೊಂದು ನುಂಗಿಬಿಡ್ತವೆ. ಆಡಾಸಿಟಿಯಲ್ಲಿ ಟ್ರ್ಯಾಕನ್ನು ಮೊನೊ ಮಾಡಿ ಒಂದು ಸಲ ಕೇಳಿ. ಯಾವ ವಾದ್ಯ ಸಣ್ಣಗಾಯ್ತೋ ಅದನ್ನು ಮಧ್ಯಕ್ಕೆ ತನ್ನಿ. ಮೈದಾನಕ್ಕೆ ಅಂತ ಒಂದು ಮೊನೊ ಫೈಲನ್ನೇ ಬೇರೆ ಮಾಡಿ ಇಟ್ಟುಕೊಳ್ಳಿ.

ಜೋರು ಎಷ್ಟು ಅನ್ನೋದಕ್ಕೆ ಆಡಾಸಿಟಿಯಲ್ಲಿ ಲೌಡ್‌ನೆಸ್ ನಾರ್ಮಲೈಸೇಶನ್ ಇದೆ. ಎಲ್ಲ ಹಾಡಿಗೂ ಒಂದೇ ಅಂಕಿ ಕೊಡಿ, ಮೈನಸ್ 16 ಅಥವಾ ಮೈನಸ್ 14 ಎಲ್‌ಯುಎಫ್‌ಎಸ್ (ಹಾಡು ಒಟ್ಟಾರೆ ಎಷ್ಟು ಜೋರು ಅನ್ನೋ ಅಳತೆ). ಯೂಟ್ಯೂಬ್ ಕೂಡ ಜೋರಾಗಿರೋದನ್ನು ಮೈನಸ್ 14ರ ಆಸುಪಾಸಿಗೆ ಇಳಿಸುತ್ತೆ. ಅದಕ್ಕಿಂತ ಜೋರು ಮಾಡಿ ಸದ್ದನ್ನು ಹಿಂಡೋದರಲ್ಲಿ ಅರ್ಥ ಇಲ್ಲ. ಕೊನೆಯಲ್ಲಿ ಲಿಮಿಟರ್ (ಮಿತಿ ದಾಟೋ ಪೆಟ್ಟನ್ನು ತಡೆಯೋ ಎಫೆಕ್ಟ್) ಹಾಕಿ ಮೈನಸ್ 1 ಡೆಸಿಬಲ್‌ಗೆ ನಿಲ್ಲಿಸಿ.

ಪೂರ್ತಿ ಆದದ್ದನ್ನು 24 ಬಿಟ್ ವೇವ್ ಆಗಿ ಇಟ್ಟುಕೊಳ್ಳಿ, ಅದೇ ನಿಮ್ಮ ಮೂಲ. ಪೆನ್‌ಡ್ರೈವ್‌ಗೆ 16 ಬಿಟ್ ವೇವ್ ಅಥವಾ 320 ಕೆಬಿಪಿಎಸ್ ಎಂಪಿ3. ಮೈಕ್ ಸೆಟ್‌ಗಳ ಪೆನ್‌ಡ್ರೈವ್ ಪ್ಲೇಯರ್ ಕೆಲವು ಬರೀ ಎಂಪಿ3 ಓದುತ್ತವೆ, ಮೊದಲೇ ಹಾಕಿ ನೋಡಿ. ಸ್ಟೀರಿಯೋ 16 ಬಿಟ್ ವೇವ್ ನಿಮಿಷಕ್ಕೆ ಸುಮಾರು 10 ಎಂಬಿ ಆಗುತ್ತೆ, ಈಗಿನ ಕಾಲಕ್ಕೆ ಏನೂ ಅಲ್ಲ. ಎಂಪಿ3 ಮಾಡಿದ್ದನ್ನು ಮತ್ತೆ ತೆರೆದು ತಿದ್ದಿ ಮತ್ತೆ ಎಂಪಿ3 ಮಾಡಬೇಡಿ. ಪ್ರತಿ ಸಲವೂ ಒಂದಷ್ಟು ಕಳೆದುಹೋಗುತ್ತೆ. ತಿದ್ದೋದಿದ್ದರೆ ಮೂಲಕ್ಕೆ ಹೋಗಿ. ಬೇರೆ ಟೀಚರ್‌ಗಳಿಗೆ ವಾಟ್ಸಾಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ.

ಡಿಜೆ_ಮಂಡ್ಯ

ಟೀಚರ್, ಶುರುವಿನಲ್ಲಿ ಒಂದಷ್ಟು ಹೊತ್ತು ಬರೀ ತಂಬೂರಿ, ಆಮೇಲೆ ತಾಳದ ಒಂದು ಆವರ್ತ ಇಡಿ. ಸ್ಟೇಜ್ ಮೇಲೆ ಮಕ್ಕಳಿಗೆ ಶ್ರುತಿ ಹಿಡಿಯೋಕೆ ಸಮಯ ಬೇಕು. ಒಮ್ಮೆಗೇ ಹಾಡು ಶುರುವಾದರೆ ಮೊದಲ ಸಾಲು ಯಾರೂ ಹಾಡೋದೇ ಇಲ್ಲ.

ಸರಿಗಮ_ಹಾಸನ

ಇದು ಬಹಳ ಒಳ್ಳೆಯ ಮಾತು ಸರ್, ಹಾಗೇ ಮಾಡ್ತೀನಿ.

ಕೊನೆಗೆ ಎರಡು ಪ್ರಶ್ನೆ. ಚಿಕ್ಕ ಮಕ್ಕಳಿಗೆ ಶ್ರುತಿ ಎರಡು ಮನೆ ಏರಿಸಬೇಕು. ಆಮೇಲೆ ನನ್ನ ನಾಡಗೀತೆ ಟ್ರ್ಯಾಕ್ 2 ನಿಮಿಷ 50 ಸೆಕೆಂಡ್ ಇದೆ. 2022ರಲ್ಲಿ ಸರ್ಕಾರ ಧಾಟಿಯ ಜೊತೆಗೆ 2 ನಿಮಿಷ 30 ಸೆಕೆಂಡ್ ಅಂತ ಅವಧಿಯನ್ನೂ ಗೊತ್ತು ಮಾಡಿದೆಯಲ್ಲ. ಆಡಾಸಿಟಿಯಲ್ಲಿ ವೇಗ ಹೆಚ್ಚಿಸಲಾ?

ಕೇಳುಗ_ಧಾರವಾಡ

ಆಡಾಸಿಟಿ ಬೇಡ. ಎರಡನ್ನೂ ಮಿಡಿಯಲ್ಲೇ ಮಾಡಿ ಮತ್ತೆ ರೆಂಡರ್ ಮಾಡಿ. ಆಡಿಯೋವನ್ನು ಎಳೆದರೆ, ಕುಗ್ಗಿಸಿದರೆ ತಬಲಾದ ಪೆಟ್ಟು ಮೊಂಡಾಗುತ್ತೆ. ಮಿಡಿಯಲ್ಲಿ ಸ್ವರದ ಅಂಕಿ ಬದಲಾಗುತ್ತೆ ಅಷ್ಟೆ, ಸದ್ದು ಹೊಸದಾಗಿಯೇ ಹುಟ್ಟುತ್ತೆ.

ಶ್ರುತಿ ಏರಿಸುವಾಗ ಎಲ್ಲ ಟ್ರ್ಯಾಕ್ ಆಯ್ದುಕೊಂಡು ಎರಡು ಸೆಮಿಟೋನ್ ಏರಿಸಿ, 10ನೇ ಚಾನೆಲ್ ಮಾತ್ರ ಬಿಟ್ಟು. ಅಲ್ಲಿ ಅಂಕಿ ಅಂದರೆ ಸ್ವರ ಅಲ್ಲ, ವಾದ್ಯ. 36 ಅಂದರೆ ಬೇಸ್ ಡ್ರಮ್, 38 ಅಂದರೆ ಸ್ನೇರ್. ಎರಡು ಏರಿಸಿದರೆ ಬೇಸ್ ಡ್ರಮ್ ಹೊಡೆಯೋ ಕಡೆಯಲ್ಲೆಲ್ಲ ಸ್ನೇರ್ ಬಡಿಯುತ್ತೆ. ಕೀಬೋರ್ಡ್‌ನ ತಬಲಾ ಕಿಟ್‌ಗೂ ಇದೇ ಮಾತು, ಬೋಲ್‌ಗಳೆಲ್ಲ ಅದಲುಬದಲಾಗ್ತವೆ. ತಬಲಾದ ಶ್ರುತಿ ಏರಿಸಬೇಕಾದರೆ ಕೀಬೋರ್ಡ್‌ನಲ್ಲಿ ಟ್ಯೂನಿಂಗ್ ಮುಟ್ಟಿ, ಸ್ವರದ ಅಂಕಿ ಮುಟ್ಟಬೇಡಿ.

ವೇಗಕ್ಕೆ ಲೆಕ್ಕ ಸುಲಭ. ಈಗಿನ ಟೆಂಪೊವನ್ನು (ನಿಮಿಷಕ್ಕೆ ಎಷ್ಟು ಪೆಟ್ಟು ಅನ್ನೋ ಅಂಕಿ) ಈಗಿನ ಸೆಕೆಂಡ್‌ಗಳಿಂದ ಗುಣಿಸಿ, ಬೇಕಾದ ಸೆಕೆಂಡ್‌ಗಳಿಂದ ಭಾಗಿಸಿ. ನಿಮ್ಮ ಟ್ರ್ಯಾಕ್ 84ರಲ್ಲಿ ಇದೆ ಅಂದುಕೊಳ್ಳಿ. 84 ಗುಣಿಸು 170, ಭಾಗಿಸು 150. ಸುಮಾರು 95 ಬರುತ್ತೆ. ಶುರುವಿನ ತಂಬೂರಿಯನ್ನು ಲೆಕ್ಕಕ್ಕೆ ಸೇರಿಸಬೇಡಿ, ಹಾಡು ಶುರುವಾದಲ್ಲಿಂದ ಅಳೆಯಿರಿ. ಕೊನೆಯ ಸಾಲಿನಲ್ಲಿ ನಿಧಾನ ಮಾಡಿದ್ದರೆ ಅಲ್ಲಿ ಬೇರೆ ಟೆಂಪೊ ಅಂಕಿ ಇರುತ್ತೆ, ಅದನ್ನೂ ಇದೇ ಲೆಕ್ಕದಲ್ಲಿ ಏರಿಸಿ.

ಇವೆರಡೂ ಪಕ್ಕಾ ಆದ ಮೇಲೆ ಆ ಹುಡುಗಿಯ ಕೊಳಲು ರೆಕಾರ್ಡ್ ಮಾಡಿ. ಅದಕ್ಕೆ ಮುಂಚೆ ಬೇಡ.

ಬಿದಿರು_ಮೈಸೂರು

ಎರಡು ಮನೆ ಏರಿಸಿದರೆ ಅವಳಿಗೆ ಬೇರೆ ಮನೆಯ ಕೊಳಲು ಬೇಕಾಗುತ್ತೆ ಟೀಚರ್. ಅವಳ ಹತ್ತಿರ ಈಗ ಯಾವ ಶ್ರುತಿಯದು ಇದೆ ಹೇಳಿ. ನಿಮ್ಮ ಐದು ಸಾವಿರದಲ್ಲಿ ಎರಡನೆಯದೊಂದು ಧಾರಾಳವಾಗಿ ಬರುತ್ತೆ.